ಪಶು ಶಸ್ತ್ರಚಿಕಿತ್ಸೆಯಲ್ಲಿ ಪಿಜಿ: ಏನೇನು ಬೇಕು, ಎಲ್ಲೆಲ್ಲಿ ಎಡವುತ್ತಾರೆ

ಬಿ.ವಿ.ಎಸ್ಸಿ. ಇಂಟರ್ನ್‌ಶಿಪ್ ಮುಗಿಯುತ್ತ ಬಂದವರು ಪದೇ ಪದೇ ಕೇಳುವ ಪ್ರಶ್ನೆ ಎರಡು. "ಸರ್ಜರಿಯಲ್ಲಿ ಪಿಜಿ ಮಾಡಬೇಕು, ಏನೇನು ಬೇಕು?" ಎನ್ನುವುದು ಒಂದು. "ಅಮೆರಿಕದಲ್ಲಿ ಸರ್ಜರಿ ರೆಸಿಡೆನ್ಸಿ ಅಂತಾರಲ್ಲ, ನಮ್ಮ ಎಂ.ವಿ.ಎಸ್ಸಿ.ಯೂ ಅದೂ ಒಂದೇನಾ?" ಎನ್ನುವುದು ಇನ್ನೊಂದು.

ಎರಡನೆಯದಕ್ಕೆ ಮೊದಲೇ ಉತ್ತರ ಹೇಳಿಬಿಡುತ್ತೇನೆ: ಒಂದೇ ಅಲ್ಲ. ನಮ್ಮದು ಸ್ನಾತಕೋತ್ತರ ಪದವಿ. ಕ್ರೆಡಿಟ್ ಮುಗಿಸಿ, ಥೀಸಿಸ್ ಒಪ್ಪಿಸಿ, ವೈವಾ ಪಾಸಾದರೆ ಪದವಿ ಸಿಗುತ್ತದೆ. ರೆಸಿಡೆನ್ಸಿ ಎಂದರೆ ಆಸ್ಪತ್ರೆಯಲ್ಲೇ ಇದ್ದು ಪಡೆಯುವ ತರಬೇತಿ. ಯಾರ ಮೇಲ್ವಿಚಾರಣೆಯಲ್ಲಿ, ಯಾವ ಪ್ರಾಣಿಗೆ, ಯಾವ ಆಪರೇಷನ್ ಮಾಡಿದಿರಿ ಎಂಬ ಲೆಕ್ಕ ಒಪ್ಪಿಸದೆ ಅಲ್ಲಿ ಮುಂದಿನ ದಾರಿ ತೆರೆಯುವುದಿಲ್ಲ. ನಮ್ಮಲ್ಲೂ ಕ್ಲಿನಿಕಲ್ ಪ್ರಾಕ್ಟೀಸ್ ಕೋರ್ಸುಗಳಿವೆ, ಆದರೆ ಲೆಕ್ಕ ಕೇಳುವ ಬಿಗಿ ಅಷ್ಟಿಲ್ಲ. ಹಾಗಾಗಿ ಒಂದೇ ಬ್ಯಾಚಿನಲ್ಲಿ ಓದಿದ ಇಬ್ಬರಲ್ಲಿ ಒಬ್ಬರು ಮೂಳೆಗೆ ಪ್ಲೇಟ್ ಹಾಕುವಷ್ಟು ಪಳಗಿ ಹೊರಬರುತ್ತಾರೆ, ಇನ್ನೊಬ್ಬರು ರಿಟ್ರ್ಯಾಕ್ಟರ್ (ಗಾಯವನ್ನು ಅಗಲಿಸಿ ಹಿಡಿಯುವ ಸಲಕರಣೆ) ಹಿಡಿದೇ ಎರಡು ವರ್ಷ ಕಳೆದಿರುತ್ತಾರೆ. ಪದವಿ ಇಬ್ಬರದೂ ಒಂದೇ. ನೀವು ಮೊದಲನೆಯವರಾಗಬೇಕಿದ್ದರೆ ಸೀಟಿಗಿಂತ ಹೆಚ್ಚಾಗಿ ಕೇಸುಗಳ ಬಗ್ಗೆ ಯೋಚಿಸಬೇಕು.

ಹಂತ 1: ಕಾಗದಪತ್ರ ಸರಿಮಾಡಿಕೊಳ್ಳಿ

ಬೇಕಾದದ್ದು ಹೆಚ್ಚೇನಿಲ್ಲ. ಮಾನ್ಯತೆ ಪಡೆದ ಕಾಲೇಜಿನಿಂದ ಬಿ.ವಿ.ಎಸ್ಸಿ. ಮತ್ತು ಎ.ಎಚ್. ಪದವಿ (ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್), ಅಂಕಪಟ್ಟಿಗಳು, ಇಂಟರ್ನ್‌ಶಿಪ್ ಪೂರೈಸಿದ ಪ್ರಮಾಣಪತ್ರ, ಮೀಸಲಾತಿ ಇದ್ದರೆ ಅದರ ಪತ್ರ. ಜೊತೆಗೆ ರಾಜ್ಯದ ವೆಟರ್ನರಿ ಕೌನ್ಸಿಲ್‌ನಲ್ಲಿ ನೋಂದಣಿ. 1984ರ ಭಾರತೀಯ ಪಶುವೈದ್ಯಕೀಯ ಪರಿಷತ್ ಕಾಯ್ದೆಯ ಪ್ರಕಾರ ನೋಂದಣಿ ಇಲ್ಲದೆ ವೃತ್ತಿ ಮಾಡುವಂತಿಲ್ಲ.

ಎಡವುವ ಜಾಗ: ಇಂಟರ್ನ್‌ಶಿಪ್ ಮುಗಿಯುವ ದಿನಾಂಕ. ಅಧಿಸೂಚನೆಯಲ್ಲಿ ಹೇಳಿದ ದಿನದೊಳಗೆ ಅದು ಮುಗಿಯುತ್ತದೆಯೇ ಎಂದು ಮೊದಲು ನೋಡಿ. ನಡುವೆ ರಜೆ ಹಾಕಿ ಪೋಸ್ಟಿಂಗ್ ಮುಂದಕ್ಕೆ ಹೋದವರು, ರ‍್ಯಾಂಕ್ ಚೆನ್ನಾಗಿದ್ದರೂ ಪ್ರವೇಶದ ಹೊತ್ತಿಗೆ ಪ್ರಮಾಣಪತ್ರ ಕೈಯಲ್ಲಿಲ್ಲದೆ ಪರದಾಡುತ್ತಾರೆ.

ಹಂತ 2: ಪ್ರವೇಶದ ಬಾಗಿಲುಗಳು

ದಾರಿ ಎರಡು. ಒಂದು, ಐಸಿಎಆರ್, ಅಂದರೆ ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಅಖಿಲ ಭಾರತ ಪಿಜಿ ಪ್ರವೇಶ ಪರೀಕ್ಷೆ. ಬರೇಲಿ ಪಕ್ಕದ ಇಜ್ಜತ್‌ನಗರದಲ್ಲಿರುವ ಐವಿಆರ್‌ಐಗೂ (ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆ), ರಾಜ್ಯಗಳ ವಿಶ್ವವಿದ್ಯಾಲಯಗಳಲ್ಲಿ ಐಸಿಎಆರ್ ಪಾಲಿಗೆ ಬಿಟ್ಟ ಸೀಟುಗಳಿಗೂ ಇದೇ ದಾರಿ. ಇನ್ನೊಂದು, ಬೀದರ್‌ನಲ್ಲಿರುವ ನಮ್ಮ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಸ್ವಂತ ಅಧಿಸೂಚನೆ. ಇಲಾಖೆಯಲ್ಲಿ ಕೆಲಸದಲ್ಲಿರುವ ಪಶುವೈದ್ಯರು ಅರ್ಜಿ ಹಾಕುವ ಮುಂಚೆ ಇಲಾಖೆಯ ಅನುಮತಿ, ನಿಯೋಜನೆಯ ನಿಯಮ ನೋಡಿಕೊಳ್ಳಬೇಕು.

ಪರೀಕ್ಷೆಯ ತಯಾರಿ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಒಂದೇ ಮಾತು: ತಪ್ಪು ಉತ್ತರಕ್ಕೆ ಅಂಕ ಕಳೆಯುವ ಪರೀಕ್ಷೆ ಇದು, ಊಹೆಯ ಮೇಲೆ ಗುರುತು ಹಾಕುವ ಅಭ್ಯಾಸ ಬಿಡಿ.

ಹಂತ 3: ಕಾಲೇಜು ಮತ್ತು ಗೈಡ್ ಆರಿಸುವುದು

ಕೌನ್ಸೆಲಿಂಗ್ ದಿನ ಎಲ್ಲರೂ ರ‍್ಯಾಂಕ್ ನೋಡಿಕೊಂಡು ಸಿಕ್ಕಿದ್ದನ್ನು ಹಿಡಿಯುತ್ತಾರೆ. ನೀವು ಅದಕ್ಕೂ ಎರಡು ತಿಂಗಳು ಮುಂಚೆ ವಿಚಾರಿಸಲು ಶುರುಮಾಡಿ. ಯಾವ ಊರಿನ ಕಾಲೇಜಿಗೆ ಯಾವ ಪ್ರಾಣಿಗಳು ಬರುತ್ತವೆ ಎನ್ನುವುದರ ಮೇಲೆ ನಿಮ್ಮ ತರಬೇತಿ ನಿಂತಿದೆ.

ಹೆಬ್ಬಾಳದಂಥ ನಗರದ ಕಾಲೇಜಿನಲ್ಲಿ ನಾಯಿ, ಬೆಕ್ಕುಗಳ ಸಾಲು ದೊಡ್ಡದು. ರಸ್ತೆ ಅಪಘಾತದಲ್ಲಿ ಮುರಿದ ತೊಡೆಮೂಳೆ, ಮೂತ್ರಕೋಶದ ಕಲ್ಲು, ಸ್ತನದ ಗಡ್ಡೆಗಳು ಅಲ್ಲಿ ನಿತ್ಯದ ಕೆಲಸ. ಹಾಸನ, ಬೀದರ್ ಕಡೆ ಹಸು, ಎಮ್ಮೆ, ಎತ್ತು, ಆಡು, ಕುರಿಗಳ ಪಾಲು ಹೆಚ್ಚು. ಹೊಕ್ಕುಳ ಹರ್ನಿಯಾ, ಮೊಲೆತೊಟ್ಟಿನ ಗಾಯ, ಗುದದ್ವಾರವಿಲ್ಲದೆ ಹುಟ್ಟಿದ ಕರು, ಮೂತ್ರ ಕಟ್ಟಿದ ಹೋತ ಇವೆಲ್ಲ ಅಲ್ಲಿ ಸಿಗುತ್ತವೆ. ರಾಜ್ಯ ದಾಟಿದರೆ ಇನ್ನೂ ವ್ಯತ್ಯಾಸ. ಪಂಜಾಬಿನ ಲೂಧಿಯಾನದಲ್ಲಿ ಎಮ್ಮೆಗಳ ವಪೆಯ ಹರ್ನಿಯಾ, ಅಂದರೆ ಎದೆ ಮತ್ತು ಹೊಟ್ಟೆಯ ನಡುವಿನ ಪರದೆ ಹರಿದು ಹೊಟ್ಟೆಯ ಭಾಗ ಎದೆಗೆ ನುಗ್ಗುವುದು, ಸಾಕಷ್ಟು ನೋಡಬಹುದು. ಬೀಕಾನೇರ್‌ಗೆ ಹೋದರೆ ಒಂಟೆಯ ಮುರಿದ ದವಡೆ ಕಟ್ಟಲು ಕಲಿಯುತ್ತೀರಿ. ಮುಂದೆ ಬೆಂಗಳೂರಿನಲ್ಲಿ ಪೆಟ್ ಕ್ಲಿನಿಕ್ ಇಡುವ ಆಸೆ ಇದ್ದವರು ಬರೀ ಜಾನುವಾರು ಬರುವ ಕಡೆ ಸೇರಿ ಎರಡು ವರ್ಷ ಗೊಣಗುವುದರಲ್ಲಿ ಅರ್ಥವಿಲ್ಲ.

ಮಾಹಿತಿ ಕೇಳಬೇಕಾದ್ದು ಪ್ರಾಧ್ಯಾಪಕರನ್ನಲ್ಲ, ಈಗ ಎರಡನೇ ವರ್ಷದಲ್ಲಿರುವ ಸೀನಿಯರ್‌ಗಳನ್ನು. "ಅಣ್ಣ, ಅಲ್ಲಿ ಹೇಗಿದೆ?" ಎಂದರೆ "ಚೆನ್ನಾಗಿದೆ ಬಾರೋ" ಎಂಬ ಉತ್ತರ ಬರುತ್ತದೆ, ಅದರಿಂದ ಉಪಯೋಗವಿಲ್ಲ. ಹೀಗೆ ಕೇಳಿ:

• ಕಳೆದ ತಿಂಗಳು ನೀವೇ ಬ್ಲೇಡ್ ಹಿಡಿದ ಆಪರೇಷನ್ ಎಷ್ಟು? ಯಾವುವು?
• ಅನಸ್ತೇಸಿಯಾ ಕೊಡುವವರು ಯಾರು? ಗ್ಯಾಸ್ ಯಂತ್ರ ಓಡುತ್ತಿದೆಯಾ, ಬಟ್ಟೆ ಹೊದ್ದು ನಿಂತಿದೆಯಾ?
• ರಾತ್ರಿ ಕೇಸ್ ಬಂದರೆ ಯಾರು ಬರುತ್ತಾರೆ?
• ಸಿ-ಆರ್ಮ್ ಇದೆಯಾ? (ಆಪರೇಷನ್ ನಡೆಯುತ್ತಿರುವಾಗಲೇ ಮೂಳೆಯನ್ನು ಪರದೆಯ ಮೇಲೆ ತೋರಿಸುವ ಎಕ್ಸ್‌ರೇ ಯಂತ್ರ.)
• ಸಿಸೇರಿಯನ್ ಯಾವ ವಿಭಾಗ ಮಾಡುತ್ತದೆ?

ಕೊನೆಯ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನಮ್ಮ ಬಹುತೇಕ ಕಾಲೇಜುಗಳಲ್ಲಿ ಕರು ಅಡ್ಡ ಸಿಕ್ಕಿದ ಹಸು, ಗರ್ಭಕೋಶದಲ್ಲಿ ಕೀವು ತುಂಬಿದ ನಾಯಿ ಇವು ಹೋಗುವುದು ಗೈನಕಾಲಜಿ ವಿಭಾಗಕ್ಕೆ, ಸರ್ಜರಿಗಲ್ಲ. ಎಂ.ವಿ.ಎಸ್ಸಿ. ಸರ್ಜರಿ ಮುಗಿಸಿ ಹಳ್ಳಿಯ ಆಸ್ಪತ್ರೆಗೆ ಹೋದ ಮೊದಲ ವಾರವೇ "ಡಾಕ್ಟ್ರೇ, ಕರು ಬರ್ತಿಲ್ಲ" ಎಂದು ಜನ ಬಂದು ನಿಲ್ಲುತ್ತಾರೆ. ನೀವು ಸಿಸೇರಿಯನ್ ಮಾಡಿಲ್ಲ ಎನ್ನುವುದು ಅವರಿಗೆ ಗೊತ್ತಿಲ್ಲ, ಗೊತ್ತಾದರೆ ನಂಬುವುದೂ ಇಲ್ಲ. ಆದ್ದರಿಂದ ಮೈನರ್ (ಮುಖ್ಯ ವಿಷಯದ ಜೊತೆಗೆ ಓದುವ ಎರಡನೇ) ವಿಷಯವಾಗಿ ಗೈನಕಾಲಜಿ ತೆಗೆದುಕೊಳ್ಳಿ ಎನ್ನುವುದು ನನ್ನ ಖಚಿತ ಸಲಹೆ. ಅಂಕ ಸುಲಭವಾಗಿ ಬರುತ್ತದೆಂದು ಬೇರೇನೋ ಆರಿಸುವವರು ಕಳೆದುಕೊಳ್ಳುವುದು ಇದನ್ನೇ.

ಗೈಡ್ ವಿಷಯದಲ್ಲಿ ಹೆಸರು, ಪ್ರಕಟಣೆಗಳ ಪಟ್ಟಿಗಿಂತ ಮುಖ್ಯವಾದದ್ದು ಅವರು ಓಟಿಗೆ (ಆಪರೇಷನ್ ಥಿಯೇಟರ್) ಬರುತ್ತಾರಾ ಎನ್ನುವುದು. ಪಕ್ಕದಲ್ಲಿ ನಿಂತು "ಅಲ್ಲಿ ಎಳೀಬೇಡ, ಹರಿಯುತ್ತೆ" ಎನ್ನುವ ಗೈಡ್ ಸಿಕ್ಕರೆ ಬಿಡಬೇಡಿ, ಬೈದರೂ ಸರಿ.

ಹಂತ 4: ಕ್ರೆಡಿಟ್ ಲೆಕ್ಕ

ಐಸಿಎಆರ್‌ನ ಈಗಿನ ಪಠ್ಯಕ್ರಮದಂತೆ ಸ್ನಾತಕೋತ್ತರ ಪದವಿಗೆ ಒಟ್ಟು 70 ಕ್ರೆಡಿಟ್: ಮೇಜರ್ 20, ಮೈನರ್ 8, ಪೂರಕ ವಿಷಯ 6, ಎಲ್ಲರಿಗೂ ಸಾಮಾನ್ಯವಾದವು 5, ಸೆಮಿನಾರ್ 1, ಥೀಸಿಸ್ ಸಂಶೋಧನೆ 30. ಮೇಜರ್‌ನಲ್ಲಿ ಶಸ್ತ್ರಚಿಕಿತ್ಸೆಯ ತತ್ವಗಳು, ಅನಸ್ತೇಸಿಯಾ, ರೇಡಿಯಾಲಜಿ ಮತ್ತು ಸ್ಕ್ಯಾನಿಂಗ್, ಮೃದು ಅಂಗಾಂಶದ ಶಸ್ತ್ರಚಿಕಿತ್ಸೆ, ಮೂಳೆ-ಕೀಲು, ಕಣ್ಣು, ಕ್ಲಿನಿಕಲ್ ಪ್ರಾಕ್ಟೀಸ್ ಬರುತ್ತವೆ. ಪೂರಕ ವಿಷಯದಲ್ಲಿ ಸಂಖ್ಯಾಶಾಸ್ತ್ರ ಇದ್ದರೆ ಅದನ್ನು ಥೀಸಿಸ್ ವಿಷಯ ಗೊತ್ತುಮಾಡುವ ಮುಂಚೆಯೇ ಓದಿ ಮುಗಿಸಿ. ಕಾರಣ ಹಂತ 8ರಲ್ಲಿದೆ.

ಹಂತ 5: ಮೊದಲ ಸೆಮಿಸ್ಟರ್ ಅನಸ್ತೇಸಿಯಾಕ್ಕೆ ಕೊಡಿ

ಹೊಸದಾಗಿ ಬಂದವರಿಗೆಲ್ಲ ಬ್ಲೇಡ್ ಹಿಡಿಯುವ ಆತುರ. ಮೊದಲ ಆರು ತಿಂಗಳು ತಲೆಯ ಕಡೆ ನಿಲ್ಲಿ. ನಾಡಿ, ಉಸಿರು, ಒಸಡಿನ ಬಣ್ಣ, ಕಣ್ಣಿನ ಪ್ರತಿವರ್ತನೆ ಇವನ್ನು ಐದೈದು ನಿಮಿಷಕ್ಕೆ ಕಾಗದದ ಮೇಲೆ ಗುರುತು ಹಾಕಿ. ಮಾನಿಟರ್ ಇದ್ದರೂ ಕೈ ತೊಡೆಯ ಒಳಗಿನ ನಾಡಿಯ ಮೇಲೇ ಇರಲಿ. ನಮ್ಮ ಓಟಿಗಳಲ್ಲಿ ಅನಸ್ತೇಸಿಯಾಕ್ಕೇ ಪ್ರತ್ಯೇಕ ತಜ್ಞರು ಇರುವುದು ಅಪರೂಪ, ನಾಳೆ ನಿಮ್ಮ ಕ್ಲಿನಿಕ್‌ನಲ್ಲೂ ಎರಡೂ ನೀವೇ.

ಮೂರು ವಿಷಯ ಬಾಯಿಪಾಠವಾಗಿರಲಿ.

ಮಂಪರು ತರಿಸುವ ಔಷಧ ಕ್ಸೈಲಜಿನ್ ವಿಷಯದಲ್ಲಿ ಹಸುವೂ ಕುದುರೆಯೂ ಒಂದಲ್ಲ. ಕುದುರೆಗೆ ಬೇಕಾದದ್ದರ ಸುಮಾರು ಹತ್ತನೇ ಒಂದು ಭಾಗ ಹಸುವಿಗೆ ಸಾಕು. ಕುದುರೆಯ ಲೆಕ್ಕದಲ್ಲಿ ಹಸುವಿಗೆ ಕೊಟ್ಟರೆ ಅದು ನೆಲ ಹಿಡಿಯುತ್ತದೆ, ಹೊಟ್ಟೆ ಉಬ್ಬುತ್ತದೆ, ಮೇವು ಉಸಿರುನಾಳಕ್ಕೆ ಹೋಗುತ್ತದೆ. ತುಂಬು ಗಬ್ಬದ ಹಸುವಿಗೆ ಇದನ್ನು ಕೊಡಲು ಎರಡು ಬಾರಿ ಯೋಚಿಸಿ, ಗರ್ಭಕೋಶವನ್ನು ಸಂಕೋಚಿಸುವ ಗುಣ ಇದಕ್ಕಿದೆ.

ಚುಚ್ಚಿದ ಜಾಗವನ್ನಷ್ಟೇ ಮರಗಟ್ಟಿಸುವ ಲಿಗ್ನೋಕೇನ್ ವಿಷಯದಲ್ಲಿ ಆಡು ಬಹಳ ಸೂಕ್ಷ್ಮ. ಒಂದು ಕೆಜಿ ತೂಕಕ್ಕೆ 5 ಮಿ.ಗ್ರಾಂ. ದಾಟಬಾರದು ಎಂದಿಟ್ಟುಕೊಂಡರೆ, 10 ಕೆಜಿಯ ಮರಿಗೆ 50 ಮಿ.ಗ್ರಾಂ. ಆಯಿತು. ಶೇ 2ರ ದ್ರಾವಣದ ಒಂದು ಮಿ.ಲೀ.ನಲ್ಲಿ 20 ಮಿ.ಗ್ರಾಂ. ಇರುತ್ತದೆ, ಅಂದರೆ ಎರಡೂವರೆ ಮಿ.ಲೀ.ಗೆ ಮಿತಿ ಮುಗಿಯಿತು. ಕೋಡಿನ ಸುತ್ತ ಧಾರಾಳವಾಗಿ ಚುಚ್ಚುತ್ತ ಹೋದರೆ ಐದು ಮಿ.ಲೀ. ಹೇಗೆ ಖಾಲಿಯಾಯಿತು ಎಂದು ಗೊತ್ತೇ ಆಗುವುದಿಲ್ಲ. ಶುದ್ಧ ಸಲೈನ್ ಬೆರೆಸಿ ತೆಳು ಮಾಡಿಕೊಳ್ಳಿ.

ಅನಸ್ತೇಸಿಯಾಕ್ಕೆ ಬಳಸುವ ಕೆಟಮಿನ್ ಶೆಡ್ಯೂಲ್ ಎಕ್ಸ್‌ಗೆ ಸೇರಿದ ಔಷಧ, ಅಂದರೆ ದುರುಪಯೋಗದ ಭಯದಿಂದ ಕಾನೂನು ಬಿಗಿಯಾಗಿ ಕಾಯುವ ಗುಂಪಿನದು. ಎಷ್ಟು ತೆಗೆದಿರಿ, ಯಾವ ಪ್ರಾಣಿಗೆ, ಎಷ್ಟು ಉಳಿಯಿತು ಎಂದು ರಿಜಿಸ್ಟರ್‌ನಲ್ಲಿ ಅಂದೇ ಬರೆಯಿರಿ. "ನಾಳೆ ಬರೆದರಾಯಿತು" ಎಂದವರಿಗೆ ತಿಂಗಳ ಕೊನೆಯಲ್ಲಿ ಲೆಕ್ಕ ಕೂಡುವುದಿಲ್ಲ.

ನೋವಿನ ಔಷಧದ ಬಗ್ಗೆಯೂ ಒಂದು ಮಾತು. ಡೈಕ್ಲೋಫೆನಾಕ್ ಪಶುಗಳಿಗೆ ಕೊಡುವುದು 2006ರಿಂದ ನಿಷೇಧ. ಕೀಟೊಪ್ರೊಫೆನ್ ಮತ್ತು ಅಸೆಕ್ಲೋಫೆನಾಕ್ 2023ರಲ್ಲಿ ಆ ಪಟ್ಟಿಗೆ ಸೇರಿದವು. ಔಷಧ ಕೊಟ್ಟ ಜಾನುವಾರಿನ ಹೆಣ ತಿಂದು ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸತ್ತದ್ದೇ ಇದಕ್ಕೆ ಕಾರಣ. ಹಳೆಯ ನೋಟ್ಸ್ ನೋಡಿ ಚೀಟಿ ಬರೆಯಬೇಡಿ. ಮೆಲೋಕ್ಸಿಕಾಮ್ ಇದೆ, ಅದು ಹದ್ದುಗಳಿಗೆ ಸುರಕ್ಷಿತ.

ಹಂತ 6: ಕೇಸ್ ಲಾಗ್ ಇಡಿ

ಇಡೀ ಲೇಖನದಲ್ಲಿ ಒಂದೇ ಒಂದು ಹಂತ ಪಾಲಿಸುವುದಾದರೆ ಇದನ್ನು ಪಾಲಿಸಿ. ಟಿವಿಸಿಸಿಯ (ಕಾಲೇಜಿಗೆ ಸೇರಿದ ಬೋಧನಾ ಆಸ್ಪತ್ರೆ) ರಿಜಿಸ್ಟರ್ ಆಸ್ಪತ್ರೆಯದು, ಲಾಗ್ ನಿಮ್ಮದು. ಪುಸ್ತಕದಲ್ಲೋ ಎಕ್ಸೆಲ್‌ನಲ್ಲೋ, ಹೇಗಾದರೂ ಸರಿ. ಪ್ರತಿ ಕೇಸಿಗೂ ನಿಮ್ಮ ಪಾತ್ರ ಏನೆಂದು ಬರೆಯಬೇಕು: ಮುಖ್ಯ ಸರ್ಜನ್, ಸಹಾಯಕ, ಅನಸ್ತೇಸಿಯಾ, ಅಥವಾ ಬರೀ ನೋಡಿದ್ದು.

ಬಹಳ ಜನ "ರೂಮಿನಾಟಮಿ, ಹಸು, ಗುಣ" ಎಂದು ಮೂರು ಪದ ಬರೆದು ಮುಗಿಸುತ್ತಾರೆ. ಅದರಿಂದ ಮುಂದೆ ಏನೂ ಕಲಿಯಲಾಗದು. ಹೇಗಿರಬೇಕೆಂದು ಒಂದು ಮಾದರಿ ಕೊಡುತ್ತೇನೆ:

"ಎಚ್‌ಎಫ್ ಮಿಶ್ರತಳಿ ಹಸು, 5 ವರ್ಷ, ಅಂದಾಜು 380 ಕೆಜಿ. ನಾಲ್ಕು ದಿನದಿಂದ ಮೇವು ಬಿಟ್ಟಿದೆ, ಹೊಟ್ಟೆ ಉಬ್ಬರ ಇಳಿದು ಮತ್ತೆ ಬರುತ್ತಿದೆ. ಎಡ ಪಕ್ಕೆಯಿಂದ ರೂಮಿನಾಟಮಿ, ನಿಂತಂತೆಯೇ. ಪ್ಯಾರಾವರ್ಟಿಬ್ರಲ್ ಬ್ಲಾಕ್ ಟಿ13, ಎಲ್1, ಎಲ್2, ಲಿಗ್ನೋಕೇನ್ ಶೇ 2. ಎಲ್2 ಸರಿಯಾಗಿ ಹಿಡಿಯಲಿಲ್ಲ, ಗಾಯದ ಕೆಳತುದಿಯಲ್ಲಿ ಮತ್ತೆ ಚುಚ್ಚಬೇಕಾಯಿತು. ಒಳಗೆ ಪ್ಲಾಸ್ಟಿಕ್ ಚೀಲ, ನೈಲಾನ್ ಹಗ್ಗದ ಉಂಡೆ. ರೆಟಿಕ್ಯುಲಮ್‌ನಲ್ಲಿ ಒಂದು ಮೊಳೆ, ಚುಚ್ಚಿಕೊಂಡಿರಲಿಲ್ಲ. ರೂಮೆನ್ ತೆರೆದದ್ದು ಸರ್. ರೂಮೆನ್‌ನ ಎರಡು ಪದರದ ಹೊಲಿಗೆ, ಚರ್ಮದ ಹೊಲಿಗೆ ನಾನು. 3ನೇ ದಿನ ಮೆಲುಕು ಶುರು. 10ನೇ ದಿನ ಕೆಳಗಿನ ಹೊಲಿಗೆಗಳ ಬಳಿ ನೀರು ತುಂಬಿದ ಊತ, ಒಂದು ಹೊಲಿಗೆ ಬಿಚ್ಚಿ ಬಸಿದೆ. 14ನೇ ದಿನ ಉಳಿದವು ಬಿಚ್ಚಿದೆ."

ರೂಮಿನಾಟಮಿ ಎಂದರೆ ಮೆಲುಕು ಹಾಕುವ ಪ್ರಾಣಿಯ ದೊಡ್ಡ ಹೊಟ್ಟೆಯನ್ನು ತೆರೆಯುವ ಆಪರೇಷನ್. ಪ್ಯಾರಾವರ್ಟಿಬ್ರಲ್ ಬ್ಲಾಕ್ ಎಂದರೆ ಬೆನ್ನೆಲುಬಿನಿಂದ ಪಕ್ಕೆಗೆ ಬರುವ ನರಗಳನ್ನು ಬುಡದಲ್ಲೇ ಮರಗಟ್ಟಿಸುವುದು; ಟಿ13, ಎಲ್1, ಎಲ್2 ಎನ್ನುವುದು ಆ ನರಗಳ ಗುರುತು (ಎದೆಯ ಕೊನೆಯದು, ಸೊಂಟದ ಮೊದಲೆರಡು). ರೆಟಿಕ್ಯುಲಮ್ ಎಂದರೆ ಆ ದೊಡ್ಡ ಹೊಟ್ಟೆಗೆ (ರೂಮೆನ್) ಅಂಟಿಕೊಂಡ ಎರಡನೇ ಹೊಟ್ಟೆ. ಈ ಮಾದರಿಯಲ್ಲಿ ಬೆಲೆಯುಳ್ಳದ್ದು ಎರಡೇ ಸಾಲು: ಎಲ್2 ಹಿಡಿಯಲಿಲ್ಲ ಎನ್ನುವುದು, 10ನೇ ದಿನ ನೀರು ತುಂಬಿತು ಎನ್ನುವುದು. ಇಂಥ ಇಪ್ಪತ್ತು ಸಾಲು ಒಟ್ಟಾದಾಗ ನಿಮ್ಮ ಸೂಜಿ ಎಲ್ಲಿ ತಪ್ಪುತ್ತಿದೆ, ಪದರಗಳ ನಡುವೆ ಎಲ್ಲಿ ಪೊಳ್ಳು ಜಾಗ ಬಿಡುತ್ತಿದ್ದೀರಿ ಎಂದು ನಿಮಗೇ ಕಾಣುತ್ತದೆ.

ಎಡವುವ ಜಾಗಗಳು ಮೂರು. ಮೊದಲನೆಯದು, ಸಹಾಯಕರಾಗಿ ನಿಂತದ್ದನ್ನು "ಮಾಡಿದೆ" ಎಂದು ಬರೆಯುವುದು. ವೈವಾದಲ್ಲಿ ಹೊರಗಿನ ಪರೀಕ್ಷಕರು ಎರಡು ಪ್ರಶ್ನೆ ಕೇಳಿದರೆ ಬಣ್ಣ ಬಯಲು. ಎರಡನೆಯದು, ವಾಪಸ್ ಬರದ ಕೇಸನ್ನೆಲ್ಲ ಗುಣವಾಯಿತೆಂದು ಬರೆಯುವುದು. ಗುಣವಾದ ಹಸುವನ್ನು ಯಾರೂ ಟೆಂಪೋ ಬಾಡಿಗೆ ಕೊಟ್ಟು ಕರೆತರುವುದಿಲ್ಲ, ನಿಜ. ಆದರೆ ಸತ್ತ ಹಸುವನ್ನೂ ಕರೆತರುವುದಿಲ್ಲ. ಯಜಮಾನರ ಫೋನ್ ನಂಬರ್ ಬರೆದಿಟ್ಟು ನೀವೇ ಕರೆ ಮಾಡಿ. ಸಿಗದಿದ್ದರೆ "ಗೊತ್ತಿಲ್ಲ" ಎಂದೇ ಬರೆಯಿರಿ. ಮೂರನೆಯದು, ಒಂದೇ ಬಗೆಯ ಕೇಸಿನಿಂದ ಪುಟ ತುಂಬಿಸುವುದು. ಮೂರು ತಿಂಗಳಿಗೊಮ್ಮೆ ಲಾಗ್ ತೆರೆದು ನೋಡಿ. ಕಣ್ಣಿನದು ಒಂದೂ ಇಲ್ಲವೇ? ಮೂಳೆಯದು ಬರೀ ಪ್ಲಾಸ್ಟರ್ ಆಯಿತೇ? ಅದನ್ನು ಹಿಡಿದುಕೊಂಡು ಗೈಡ್ ಬಳಿ ಹೋಗಿ "ಸರ್, ಇದರಲ್ಲಿ ನನಗೆ ಕೇಸ್ ಕಡಿಮೆ ಆಗಿದೆ" ಎನ್ನಿ. ಬಾಯಿಮಾತಿನ ದೂರಿಗಿಂತ ಪುಟ ತೋರಿಸಿದರೆ ಕೆಲಸ ಆಗುತ್ತದೆ.

ಕಾಲೇಜಿನಲ್ಲಿ ಕೊರತೆ ತುಂಬದಿದ್ದರೆ ಹೊರಗೆ ಹುಡುಕಿ. ಊಟಿಯಲ್ಲಿ ವರ್ಲ್ಡ್‌ವೈಡ್ ವೆಟರ್ನರಿ ಸರ್ವೀಸ್‌ನ ತರಬೇತಿ ಕೇಂದ್ರವಿದೆ, ಬೀದಿನಾಯಿಗಳ ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು ಅಲ್ಲಿ ಪಶುವೈದ್ಯರಿಗೆ ಮೇಲ್ವಿಚಾರಣೆಯಲ್ಲಿ ಕಲಿಸುತ್ತಾರೆ. ಮೂಳೆ ಮುರಿತಕ್ಕೆ ಎಒ ವೆಟ್ ಸಂಸ್ಥೆಯ ಕೋರ್ಸುಗಳಿವೆ, ಪ್ಲಾಸ್ಟಿಕ್ ಮೂಳೆಯ ಮೇಲೆ ಪ್ಲೇಟ್, ಸ್ಕ್ರೂ ಹಾಕಿಸುತ್ತಾರೆ. ದುಬಾರಿ, ಆದರೆ ಜೀವಂತ ನಾಯಿಯ ಮೇಲೆ ಮೊದಲ ಬಾರಿ ಡ್ರಿಲ್ ಹಿಡಿಯುವುದಕ್ಕಿಂತ ಎಷ್ಟೋ ಮೇಲು. ದಿನಕ್ಕೆ ಇಷ್ಟು ನಾಯಿ ಮುಗಿಸಲೇಬೇಕೆಂದು ಓಡಿಸುವ, ಗೌನು, ಗ್ಲೌಸು ಬದಲಿಸಲು ಬಿಡದ ಕಡೆ ಮಾತ್ರ ಹೋಗಬೇಡಿ. ಅಲ್ಲಿ ಕಲಿತ ಕೆಟ್ಟ ಚಾಳಿ ಬಿಡಿಸುವುದು ಕಷ್ಟ.

ಹಂತ 7: ಎಕ್ಸ್‌ರೇ ಕೋಣೆಯ ಶಿಸ್ತು

ಮೊದಲ ವಾರವೇ ಟಿಎಲ್‌ಡಿ ಬ್ಯಾಡ್ಜ್ ಕೇಳಿ ಪಡೆಯಿರಿ. ಮೈಗೆ ಬಿದ್ದ ವಿಕಿರಣವನ್ನು ಅಳೆಯುವ ಪುಟ್ಟ ಪಟ್ಟಿ ಅದು, ಸೀಸದ ಏಪ್ರನ್ನಿನ ಒಳಗೆ ಎದೆಯ ಮಟ್ಟದಲ್ಲಿ ಧರಿಸಬೇಕು. ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಮಿತಿ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವುದೇ ಒಂದು ವರ್ಷ 30 ದಾಟುವಂತಿಲ್ಲ. ಬ್ಯಾಡ್ಜನ್ನು ಡ್ರಾಯರ್‌ನಲ್ಲಿಟ್ಟರೆ ಅದು ಅಳೆಯುವುದು ಡ್ರಾಯರ್‌ಗೆ ಬಿದ್ದ ವಿಕಿರಣವನ್ನು.

ನಾಯಿಯ ಕಾಲನ್ನು ಕೈಯಿಂದ ಹಿಡಿದು ಫಿಲ್ಮ್ ತೆಗೆಯುವ ಅಭ್ಯಾಸ ನಮ್ಮಲ್ಲಿ ಇನ್ನೂ ಇದೆ. ಮಂಪರು ಕೊಡಿ, ಮರಳಿನ ಚೀಲ, ಹಗ್ಗ ಬಳಸಿ, ಕೋಣೆಯಿಂದ ಹೊರಗೆ ಬನ್ನಿ. ನಿಮ್ಮ ಬೆರಳು ಫಿಲ್ಮ್‌ನಲ್ಲಿ ಕಂಡರೆ ಕೆಲಸ ತಪ್ಪಿದೆ ಎಂದೇ ಅರ್ಥ.

ಹಂತ 8: ಥೀಸಿಸ್

ವಿಷಯ ಆರಿಸುವಾಗ ಒಂದೇ ಪರೀಕ್ಷೆ: ನಿಮ್ಮ ಕೈಗೆ ಸಿಗುವ ಅವಧಿಯಲ್ಲಿ ಆ ಬಗೆಯ ಕೇಸ್ ಸಾಕಷ್ಟು ಬರುತ್ತವೆಯೇ? ಊಹಿಸಬೇಡಿ, ಹಿಂದಿನ ಎರಡು ವರ್ಷದ ಟಿವಿಸಿಸಿ ರಿಜಿಸ್ಟರ್ ಎಣಿಸಿ. ಎರಡು ಇಂಪ್ಲಾಂಟ್‌ಗಳನ್ನು ಹೋಲಿಸುವ ಆಸೆಯಿಂದ ವಿಷಯ ಒಪ್ಪಿಸಿ, ಗುಂಪಿಗೆ ಆರು ನಾಯಿ ಬೇಕಾದಲ್ಲಿ ಮೂರೇ ಸಿಕ್ಕಿ ಸೆಮಿಸ್ಟರ್ ಎಳೆದವರು ಎಲ್ಲ ಕಾಲೇಜಿನಲ್ಲೂ ಇದ್ದಾರೆ. ಗುಂಪಿಗೆ ಎಷ್ಟು ಪ್ರಾಣಿ ಬೇಕು ಎಂದು ಹೇಳುವುದು ಸಂಖ್ಯಾಶಾಸ್ತ್ರ, ಅದಕ್ಕೇ ಅದನ್ನು ಮುಂಚೆ ಓದಿ ಎಂದದ್ದು.

ಪ್ರಯೋಗಕ್ಕೆಂದೇ ಪ್ರಾಣಿ ಬಳಸುವುದಾದರೆ ಕಾಲೇಜಿನ ಪ್ರಾಣಿ ನೀತಿ ಸಮಿತಿಯ ಒಪ್ಪಿಗೆ ಕೆಲಸ ಶುರುವಾಗುವ ಮುಂಚೆ ಬೇಕು. ದೊಡ್ಡ ಪ್ರಾಣಿಗಳಾದರೆ ಕಡತ ಕೇಂದ್ರದ ಸಮಿತಿಗೂ ಹೋಗುತ್ತದೆ. ಹಿಂದಿನ ದಿನಾಂಕಕ್ಕೆ ಒಪ್ಪಿಗೆ ಸಿಗುವುದಿಲ್ಲ, ಒಪ್ಪಿಗೆಯ ಸಂಖ್ಯೆ ಇಲ್ಲದಿದ್ದರೆ ಒಳ್ಳೆಯ ಪತ್ರಿಕೆಗಳು ಲೇಖನ ಮುಟ್ಟುವುದಿಲ್ಲ. ಚಿಕಿತ್ಸೆಗೆ ಬಂದ ಪ್ರಾಣಿಗಳ ಮೇಲಾದರೆ ಯಜಮಾನರ ಲಿಖಿತ ಒಪ್ಪಿಗೆ ಕನ್ನಡದಲ್ಲಿ ಇರಲಿ, ಓದಿ ಹೇಳಿ ಸಹಿ ಹಾಕಿಸಿ. ಇಂಗ್ಲಿಷ್ ಫಾರಂ ಮೇಲೆ ಒತ್ತಿಸಿದ ಹೆಬ್ಬೆಟ್ಟನ್ನು ಒಪ್ಪಿಗೆ ಎನ್ನಲಾಗದು.

ಹಂತ 9: ಹೊರದೇಶದ ರೆಸಿಡೆನ್ಸಿ ಬೇಕಿದ್ದವರಿಗೆ

ಅಮೆರಿಕದಲ್ಲಿ ಸರ್ಜನ್‌ಗಳ ಪ್ರಮಾಣೀಕರಣ ಮಾಡುವುದು ಅಮೆರಿಕನ್ ಕಾಲೇಜ್ ಆಫ್ ವೆಟರ್ನರಿ ಸರ್ಜನ್ಸ್. 1965ರಲ್ಲಿ ಶುರುವಾದ ಸಂಸ್ಥೆ ಇದು. ಹೆಸರಲ್ಲಿ ಕಾಲೇಜ್ ಇದ್ದರೂ ಪಾಠ ಹೇಳುವ ಜಾಗವಲ್ಲ. ದಾರಿ ಹೀಗೆ: ಮೊದಲು ಒಂದು ವರ್ಷದ ಇಂಟರ್ನ್‌ಶಿಪ್ ಅಥವಾ ಅದಕ್ಕೆ ಸಮನಾದ ಅನುಭವ (ಇಲ್ಲಿ ಬಿ.ವಿ.ಎಸ್ಸಿ.ಯ ಭಾಗವಾಗಿ ಮಾಡಿದ್ದು ಅದಾಗುವುದಿಲ್ಲ), ನಂತರ ಮೂರು ವರ್ಷದ ರೆಸಿಡೆನ್ಸಿ, ಕೇಸ್ ಲಾಗ್, ಮೊದಲ ಲೇಖಕರಾಗಿ ಒಂದು ಸಂಶೋಧನಾ ಲೇಖನ, ಕೊನೆಗೆ ಎರಡು ಘಟ್ಟದ ಪರೀಕ್ಷೆ. ಸಣ್ಣ ಪ್ರಾಣಿ, ದೊಡ್ಡ ಪ್ರಾಣಿ ಎಂದು ದಾರಿ ಮೊದಲೇ ಕವಲೊಡೆಯುತ್ತದೆ. ಯುರೋಪಿನಲ್ಲಿ ಇದೇ ಬಗೆಯ ಸಂಸ್ಥೆ 1991ರಿಂದ ಇದೆ.

ನಮ್ಮ ಎಂ.ವಿ.ಎಸ್ಸಿ.ಯನ್ನು ರೆಸಿಡೆನ್ಸಿಯ ವರ್ಷಗಳ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೂ ಅದು ವ್ಯರ್ಥವಲ್ಲ, ಪ್ರಕಟಿತ ಲೇಖನ ಮತ್ತು ಅಚ್ಚುಕಟ್ಟಾದ ಲಾಗ್ ಇದ್ದ ಅರ್ಜಿಗೆ ತೂಕ ಬರುತ್ತದೆ. ಅಮೆರಿಕದಲ್ಲಿ ಲೈಸೆನ್ಸ್ ಬೇಕಿದ್ದರೆ ಹೊರದೇಶದ ಪಶುವೈದ್ಯ ಪದವೀಧರರನ್ನು ಪರೀಕ್ಷಿಸುವ ಇಸಿಎಫ್‌ವಿಜಿ ಅಥವಾ ಪೇವ್ ಎಂಬ ಎರಡರಲ್ಲಿ ಒಂದು ಕಾರ್ಯಕ್ರಮ ಮುಗಿಸಿ, ನ್ಯಾವ್ಲಿ ಎಂಬ ಲೈಸೆನ್ಸ್ ಪರೀಕ್ಷೆ ಪಾಸಾಗಬೇಕು. ಇಸಿಎಫ್‌ವಿಜಿಯ ಕೊನೆಯ ಘಟ್ಟ ಕೈಕೆಲಸದ ಪರೀಕ್ಷೆ: ಅನಸ್ತೇಸಿಯಾ, ಶಸ್ತ್ರಚಿಕಿತ್ಸೆ, ಕುದುರೆ, ಜಾನುವಾರು, ಮರಣೋತ್ತರ ಪರೀಕ್ಷೆ, ರೇಡಿಯಾಲಜಿ, ಸಣ್ಣ ಪ್ರಾಣಿ ಚಿಕಿತ್ಸೆ ಎಂಬ ಏಳು ವಿಭಾಗ. ಇಲ್ಲಿಂದ ಹೋದವರಿಗೆ ಕುದುರೆ ವಿಭಾಗ ಕಷ್ಟವಾಗುವುದು ಸಹಜ, ಕಾಲೇಜಿನಲ್ಲಿ ಕುದುರೆ ಮುಟ್ಟಿದ್ದೇ ಕಡಿಮೆ ಇರುತ್ತದೆ. ಬೆಂಗಳೂರು, ಮೈಸೂರಿನವರಿಗೆ ರೇಸ್‌ಕೋರ್ಸ್ ಹತ್ತಿರವಿದೆ. ಅಲ್ಲಿನ ಪಶುವೈದ್ಯರ ಪರಿಚಯ ಮಾಡಿಕೊಂಡು, ಅನುಮತಿ ಸಿಕ್ಕರೆ, ಕೆಲವು ವಾರ ಜೊತೆಯಲ್ಲಿ ನಿಲ್ಲಿ.

ಹೊರಡುವವರು ಪದವಿ ಪತ್ರ, ಅಂಕಪಟ್ಟಿ, ಕೌನ್ಸಿಲ್ ನೋಂದಣಿ, ಪಾಸ್‌ಪೋರ್ಟ್ ಎಲ್ಲದರಲ್ಲೂ ಹೆಸರಿನ ಕಾಗುಣಿತ, ಇನಿಷಿಯಲ್ ಒಂದೇ ಇದೆಯೇ ಎಂದು ಈಗಲೇ ತಾಳೆ ನೋಡಿ. ಅಪ್ಪನ ಹೆಸರು, ಊರಿನ ಹೆಸರು ಒಂದು ಕಡೆ ಇನಿಷಿಯಲ್ ಆಗಿ, ಇನ್ನೊಂದು ಕಡೆ ಪೂರ್ತಿಯಾಗಿ ಬಿದ್ದಿರುವುದು ನಮ್ಮವರಲ್ಲಿ ಸಾಮಾನ್ಯ. ತಿದ್ದಿಸಲು ವಿಶ್ವವಿದ್ಯಾಲಯದ ಕಚೇರಿಗೆ ಅಲೆಯುವ ಕೆಲಸ, ನೀವಿನ್ನೂ ಊರಲ್ಲಿರುವಾಗಲೇ ಮುಗಿಯಲಿ.